ಮೂಲೆಯ ಬರ್ನರ್

ಕಲ್ಲಯ್ಯನಿಗೆ ಮಠದ ಒಲೆಯ ಮೇಲಿದ್ದ ಮೋಹ ಹೆಂಡತಿಯ ಮೇಲೂ ಇರಲಿಲ್ಲ. ಹಾಗೆಂದು ದೂರುತ್ತಿದ್ದವಳು ಹೆಂಡತಿ ಗುರುಬಸಮ್ಮನೇ. ಕಳಲೆ ಹತ್ತಿರದ ಆ ಸಣ್ಣ ಮಠಕ್ಕೆ ಅವನ ತಾತ, ಅಪ್ಪ, ಈಗ ಅವನು ಅಡುಗೆಯವರು. ದಾಸೋಹದ ಒಲೆ ಆರಬಾರದು ಅನ್ನುವುದು ಅಲ್ಲಿನ ಕಟ್ಟಳೆ. ಸೌದೆಯ ಕಾಲಕ್ಕೆ ಅದೇನು ಮಹಾ ಕಷ್ಟವಿರಲಿಲ್ಲ. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಊದಿದರೆ ಸಾಕು, ಮತ್ತೆ ಎದ್ದು ಕೂರುತ್ತಿತ್ತು.

ಗ್ಯಾಸ್ ಬಂದಾಗ ಹಳೇ ಒಲೆ ಒಡೆದು ಟೈಲ್ಸ್ ಹಾಕಿಸಿದರು. ಒಡೆಯುವ ಮುಂಚೆಯೇ ಕಲ್ಲಯ್ಯ ಅದರ ಕೆಂಡದಿಂದ ತೆಂಗಿನ ಗರಿಗೆ ಉರಿ ಹಿಡಿಸಿ ತಂದು ಗ್ಯಾಸ್ ಒಲೆಯ ಮೂಲೆಯ ಬರ್ನರ್ ಹಚ್ಚಿದ. ಅಂದಿನಿಂದ ಅದು ಹಗಲೂ ರಾತ್ರಿ ಸಣ್ಣಗೆ ಉರಿಯುತ್ತಲೇ ಇತ್ತು. ಗ್ಯಾಸಿಗೆ ಬೂದಿ ಮುಚ್ಚಲಾದೀತೇ? ಜೋಡಿ ಸಿಲಿಂಡರಿನಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದನ್ನು ತೆರೆಯುತ್ತಿದ್ದ, ಯಾರೂ ಚಕಾರವೆತ್ತಲಿಲ್ಲ. ನೆಲದಡಿಯ ಎಣ್ಣೆ, ಅನಿಲ ಒಮ್ಮೆ ಮುಗಿದರೆ ಮತ್ತೆ ಹುಟ್ಟುವುದಿಲ್ಲ ಎಂದು ಮಠದ ಹಾಸ್ಟೆಲಿನ ಮಕ್ಕಳು ಗಟ್ಟಿಯಾಗಿ ಓದುವುದು ಅವನ ಕಿವಿಗೂ ಬಿದ್ದಿತ್ತು. ಪಾಠ ಪರೀಕ್ಷೆಗೆ, ಒಲೆಗಲ್ಲ ಅಂದುಕೊಂಡಿದ್ದ ಪುಣ್ಯಾತ್ಮ.

ಈ ವರ್ಷ ಸಿಲಿಂಡರ್ ಬರುವುದು ನಿಂತಿತು. ಗ್ಯಾಸಿನ ಹಡಗು ಬಂದಿಲ್ಲ ಅಂದರು, ದಾಸ್ತಾನಿಲ್ಲ ಅಂದರು. ಸೌದೆ ಡಿಪೋವನ್ನು ನಂಜನಗೂಡಿನ ಹೋಟೆಲಿನವರು ಆಗಲೇ ಗುಡಿಸಿಕೊಂಡು ಹೋಗಿದ್ದರು. ಮಠದ ಮೇನೇಜರ್ ನಂಜೇಶ ಅಡುಗೆಮನೆಗೆ ಬಂದ.

“ಕಲ್ಲಯ್ನೋರೇ, ಇದೇ ಕೊನೇ ಸಿಲಿಂಡರ್ ಕಣ್ರೀ. ಮಕ್ಕಳ ಪರೀಕ್ಷೆ ಮುಗಿಯೋಗಂಟ ಎಳೀಬೇಕು. ಆಗ್ನಿಲ್ಲ ಅಂದ್ರೆ ಎಲ್ರನ್ನೂ ಊರಿಗೆ ಕಳ್ಸೋದೇಯ ಅಂತ ಸ್ವಾಮಿ ಬುದ್ಧಿಯೋರು ಹೇಳವ್ರೆ. ಡೀಸೆಲ್ ಇಲ್ದೆ ಬೆಳಗಿನ ಬಸ್ಗಳೂ ನಿಂತೋಗವೆ, ಸಂಜೇದು ಒಂದೇ ಇರೋದು. ಊರಿಗೋದ ಮಕ್ಳು ಪರೀಕ್ಷೆಗೆ ವಾಪಸ್ ಬರಕ್ಕಾಗಲ್ಲ. ಆ ಮೂಲೆ ಬರ್ನರ್ ಆರ್ಸಿ.”

“ನಮ್ಮ ತಾತನ ಕಾಲದ ಬೆಂಕಿ ಕಣಪ್ಪಾ ಅದು.”

“ಆ ಬೆಂಕೀನ ಒಂದು ದೀಪಕ್ಕೆ ಹಚ್ಚಿಟ್ಕೊಳಿ.”

“ದೀಪದ ಮೇಲೆ ಅನ್ನ ಬೇಯ್ತದಾ? ಒಲೆ ಬೆಂಕಿ ಒಲೇಲೇ ಇರ್ಬೇಕು.”

ಕೊನೆಗೆ ಕಲ್ಲಯ್ಯ ಆಯ್ತು ಅಂದ. ನಂಜೇಶ ಹೋದ ಮೇಲೆ ಬರ್ನರಿನ ತಿರುಪು ಹಿಡಿದ, ಆರಿಸಲು ಆಗಲಿಲ್ಲ. ಇನ್ನೂ ಸಣ್ಣ ಮಾಡಿದ. ಕಡ್ಲೆಕಾಳಿನಷ್ಟು ಉರಿ ಎಷ್ಟು ಗ್ಯಾಸ್ ಕುಡಿದೀತು? ಅದರ ಬದಲಿಗೆಂದು ತಾನು ಒಂದು ಹೊತ್ತಿನ ಊಟ ಬಿಟ್ಟ. ಊಟ ಬಿಟ್ಟರೆ ಗ್ಯಾಸ್ ಉಳಿಯುತ್ತದೆಂದು ಯಾವ ದೇವರು ಹೇಳಿದ್ದನೋ!

ಗಣಿತ ಪರೀಕ್ಷೆಯ ಬೆಳಿಗ್ಗೆ ಅಕ್ಕಿ ಇನ್ನೂ ಅರೆಬೆಂದಿತ್ತು. ದೊಡ್ಡ ಬರ್ನರ್ ತೇಕಿ ತೇಕಿ ಆರಿತು. ಕಲ್ಲಯ್ಯ ಸಿಲಿಂಡರನ್ನು ಅಲ್ಲಾಡಿಸಿದ, ಮಲಗಿಸಿದ, ಬಿಸಿನೀರು ಸುರಿದ. ಅಷ್ಟರಲ್ಲಿ ಮೂಲೆಯದೂ ಆರಿತು. ಅವನಿಗೆ ಅಳು ಬಂತು. ಅಳುವುದು ತಾತನ ಬೆಂಕಿಗೋ, ತಟ್ಟೆ ಹಿಡಿದು ಕೂತ ಮಕ್ಕಳಿಗೋ ಅವನಿಗೇ ತಿಳಿಯಲಿಲ್ಲ.

“ಅರ್ಧ ಬೆಂದಿದ್ರೂ ಬಡ್ಸು ತಾತ, ತಿಂತೀವಿ,” ಅಂದ ಹೆಮ್ಮಿಗೆಯ ಹುಡುಗ ಹೇಮಂತ. ಮಕ್ಕಳು ಆ ಕಾಳನ್ನೇ ಅಗಿದು ಪರೀಕ್ಷೆಗೆ ಓಡಿದರು. ಅದೇ ಅವರು ಬರೆದ ಕೊನೆಯ ಪರೀಕ್ಷೆ. ಇನ್ನೆರಡು ಬಾಕಿಯಿದ್ದವು.

ಸಂಜೆ ಮಕ್ಕಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಸ್ವಾಮಿಗಳು ಅಡುಗೆಮನೆಗೆ ಬಂದರು. ಕಲ್ಲಯ್ಯ ಕಾಲಿಗೆ ಬಿದ್ದ.

“ನಾನು ಆರ್ಸ್ನಿಲ್ಲ ಬುದ್ಧಿ. ಮಕ್ಳ ಅನ್ನ ನಾನೇ ಸುಟ್ಬುಟ್ಟೆ.”

“ಗೊತ್ತು ಕಲ್ಲಯ್ಯ. ನಾವೇ ದಿನಾ ಬಂದು ನೋಡ್ತಿದ್ದೊ. ಆರ್ಸಕ್ಕೆ ನಮಗೂ ಕೈ ಬರ್ನಿಲ್ಲ.”

ಅವರು ಬೈದಿದ್ದರೆ ಕಲ್ಲಯ್ಯ ಬದುಕಿಕೊಳ್ಳುತ್ತಿದ್ದ. ಹೊರಗೆ ಟಿ. ನರಸೀಪುರದ ಬಸ್ಸು ಹಾರನ್ ಹೊಡೆಯಿತು. ಮಕ್ಕಳ ಮುಖ ನೋಡುವ ಧೈರ್ಯ ಸಾಲದೆ ಇಬ್ಬರೂ ಒಳಗೇ ನಿಂತರು.