ತಿದಿಯ ಉಸಿರು

ಡಾಕ್ಟರು 'ಆಗಲ್ಲ' ಎಂದಾಗ ಬಾಮೈದನ ಹೆಗಲು ಇಳಿದದ್ದನ್ನು ಮೇಸ್ತ್ರಿ ನೋಡಿಬಿಟ್ಟ. ನೋಡದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಆದರೆ ಅವನದು ನಲವತ್ತು ವರ್ಷ ಕುಲುಮೆಯ ಮುಂದೆ ನಿಂತು, ಕಾದ ಗಾಜು ಎಲ್ಲಿ ಕೂದಲೆಳೆಯಷ್ಟು ವಾಲುತ್ತದೆ ಎಂದು ಕಾಯ್ದ ಕಣ್ಣು. ಬೇಡವೆಂದರೂ ನೋಡುತ್ತದೆ.

ಮೇಸ್ತ್ರಿಯ ಹೆಂಡತಿಯ ಲಿವರು ಕೆಟ್ಟು ಕಲ್ಲಾಗಿತ್ತು. ಬೇರೆಯವರ ಲಿವರಿನಿಂದ ಒಂದು ಭಾಗ ಕತ್ತರಿಸಿ ಇಟ್ಟರೆ ಬದುಕುತ್ತಾಳೆ, ಇಲ್ಲವಾದರೆ ಎರಡು ತಿಂಗಳು ದಾಟುವುದು ಕಷ್ಟ ಎಂದಿದ್ದರು. ಮೇಸ್ತ್ರಿಗೆ ವಯಸ್ಸು ಮೀರಿತ್ತು. ಹೊಂದಿಕೆಯಾದದ್ದು ಅವಳ ತಮ್ಮನ ರಕ್ತ ಒಂದೇ. ಅವನೂ ಗಾಜು ಊದುವವನು, ಮೇಸ್ತ್ರಿಯ ಕೈಕೆಳಗೆ ಕಲಿತವನು. ಒಂದೇ ಉಸಿರಿಗೆ ಮಾರುದ್ದದ ಜಾಡಿ ಎಬ್ಬಿಸುತ್ತಾನೆಂದು ಕಾರ್ಖಾನೆಯವರು ಅವನನ್ನು, ಕುಲುಮೆಗೆ ಗಾಳಿ ಊದುವ ಚರ್ಮದ ಚೀಲದ ಹೆಸರಿನಲ್ಲಿ, ತಿದಿ ಎಂದೇ ಕರೆಯುತ್ತಿದ್ದರು. 'ಅಕ್ಕನಿಗೆ ನಾನು ಕೊಡ್ತೀನಿ' ಎಂದು ಹತ್ತು ಜನರ ಮುಂದೆ ಹೇಳಿದ್ದ. ಹೇಳಿ, ಸ್ಕ್ಯಾನ್ ಮಾಡಿಸಿಕೊಂಡಿದ್ದ.

ಡಾಕ್ಟರು ಒಂದು ಹಾಳೆ ಮುಂದಿಟ್ಟು ಹೇಳಿದ್ದು ಹೀಗೆ: "ಇವರ ಲಿವರಿನ ಆಕಾರ ಸರಿಯಿಲ್ಲ ಅಂತ ಕಂಪ್ಯೂಟರ್ ಗುರುತು ಹಾಕಿದೆ. ಡೀಪ್ ಲರ್ನಿಂಗ್ ಅಂತಾರೆ ಇದಕ್ಕೆ. ಸಾವಿರಾರು ಜನರ ಸ್ಕ್ಯಾನ್ ನೋಡಿ ನೋಡಿ, ಸರಿಯಾದ್ದು ಹೇಗಿರುತ್ತೆ ಅಂತ ತಾನೇ ಕಲಿತಿರೋದು. ನಾನೂ ನೋಡಿದೆ, ಮೇಲ್ಭಾಗ ಒತ್ತಿದ ಹಾಗಿದೆ. ಯಾಕೆ ಅಂತ ಗೊತ್ತಾಗೋವರೆಗೂ ನಾನು ಕತ್ತರಿ ಹಾಕಲ್ಲ. ಬೇರೆ ಯಾರಾದರೂ ಸಿಗ್ತಾರಾ ನೋಡಿ."

ಆಗ ಇಳಿದದ್ದು ಆ ಹೆಗಲು. ಮೂಟೆ ಇಳಿಸಿದವನ ಹಾಗೆ.

ಎರಡು ದಿನ ಕಳೆದ ಮೇಲೆ ಒಂದು ಸಂಜೆ ಮೇಸ್ತ್ರಿ ಹೆಂಡತಿಯ ಮಂಚದ ಪಕ್ಕ ಕೂತ.

"ನಿನ್ನ ತಮ್ಮ ಎರಡು ದಿನದಿಂದ ಈ ಕಡೆ ತಲೆ ಹಾಕಿಲ್ಲ."

"ಕೆಲಸ ಇರುತ್ತೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಅವನ ಹೆಗಲು ನಾನು ನೋಡಿದೀನಿ."

ಅವಳು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕಳು. "ಕಾಮಾಲೆ ಬಂದಿರೋದು ನನ್ನ ಕಣ್ಣಿಗೆ. ಎಲ್ಲಾ ಹಳದಿ ಕಾಣ್ತಿರೋದು ನಿಮಗೆ."

ಮೇಸ್ತ್ರಿಗೆ ಮೂವತ್ತು ವರ್ಷದ ಹಿಂದಿನದು ನೆನಪಾಗಿತ್ತು. ಒಡೆದ ಜಾಡಿಯೊಂದನ್ನು ತಿದಿ ಗಾಜುಪುಡಿಯ ತೊಟ್ಟಿಯಲ್ಲಿ ಹೂತು, 'ನಾನು ಮುಟ್ಟೇ ಇಲ್ಲ' ಎಂದಿದ್ದ. ಅವತ್ತೂ ಹೀಗೇ ಹೆಗಲು ಇಳಿದಿತ್ತು, ಯಾರೂ ಹುಡುಕುವುದಿಲ್ಲ ಎಂದು ಗೊತ್ತಾದಾಗ. ಹುಡುಕಿದ್ದು ಮೇಸ್ತ್ರಿಯೇ. ಬೈದು, ಬಿಟ್ಟಿದ್ದ. ಮರೆತಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಒಬ್ಬನೇ ಆಸ್ಪತ್ರೆಗೆ ಹೋದ. ಸ್ಕ್ಯಾನ್ ಮಾಡುವ ಹೆಂಗಸು ನಡುವಯಸ್ಸಿನವಳು. ದಪ್ಪ ಗಾಜಿನ ಕಿಟಕಿಯ ಈಚೆ ಕೂತಿದ್ದಳು, ಆಚೆ ಯಂತ್ರ.

"ಆವತ್ತು ಒಳಗೆ ಅವನು ಏನಾದರೂ ಹೇಳಿದನೇನಮ್ಮಾ? ಹೆದರಿಕೆ ಆಗುತ್ತೆ, ಆಗಲ್ಲ ಅಂತ ಬರೆದುಬಿಡಿ ಅಂತ?"

"ಕಂಪ್ಯೂಟರ್ ಹತ್ರ ಯಾರ ಶಿಫಾರಸೂ ನಡೆಯಲ್ಲ ಯಜಮಾನ್ರೇ."

"ನಡೆಸೋ ಕೈ ಮನುಷ್ಯರದ್ದೇ ಅಲ್ವಾ?"

ಅವಳು ಕೋಪ ಮಾಡಿಕೊಳ್ಳಲಿಲ್ಲ. ಹಾಳೆ ಇಸಕೊಂಡು ಬೆರಳಿಟ್ಟು ತೋರಿಸಿದಳು. "ಈ ಬಿಳಿ ಗೆರೆ ಎಲ್ಲರಿಗೂ ಇರೋ ಆಕಾರ. ಕೆಂಪಗಿರೋ ಕಡೆ ನಿಮ್ಮವರದ್ದು ಅದಕ್ಕೆ ಕೂಡಲ್ಲ. ಇಲ್ಲಿ ಮೇಲೆ ತಗ್ಗಿದೆ, ಕೆಳಗೆ ಜಾರಿದೆ."

ಮೇಸ್ತ್ರಿ ಹಾಳೆಯನ್ನು ಬೆಳಕಿಗೆ ಹಿಡಿದ. ಓದು ಅವನಿಗೆ ಅಷ್ಟಕ್ಕಷ್ಟೆ, ಆಕಾರ ಹಾಗಲ್ಲ. ಕೊಳವೆಯ ತುದಿಯ ಬಿಸಿ ಗಾಜಿನುಂಡೆಯನ್ನು ಒದ್ದೆ ಹಲಗೆಯಿಂದ ಮೇಲಿನಿಂದ ಒತ್ತಿದರೆ ಹೀಗೇ ಆಗುತ್ತದೆ. ಒಳಗೇ ಕೆಟ್ಟಿದ್ದರೆ ಹೀಗೆ ನಯವಾಗಿ ತಗ್ಗುವುದಿಲ್ಲ. ಇದನ್ನು ಯಾವುದೋ ಒತ್ತಿದೆ.

"ಇದರ ಮೇಲೆ ಏನಿರುತ್ತಮ್ಮಾ, ಮೈಯೊಳಗೆ?"

"ಉಸಿರಾಡೋ ಪರದೆ. ಅದರ ಮೇಲೆ ಶ್ವಾಸಕೋಶ."

ಅಷ್ಟರಲ್ಲಿ ಒಳಗೆ ಇನ್ನೊಬ್ಬ ರೋಗಿ ಮಲಗಿದ. ಗೋಡೆಯ ಡಬ್ಬಿಯಿಂದ ದನಿ ಬಂತು: 'ಉಸಿರು ಪೂರ್ತಿ ಎಳೆದುಕೊಳ್ಳಿ. ಹಿಡಿದುಕೊಳ್ಳಿ.' ಗಾಜಿನಾಚೆ ಆ ಮನುಷ್ಯನ ಎದೆ ಉಬ್ಬಿತು, ಹೊಟ್ಟೆ ಒಳಕ್ಕೆ ಹೋಯಿತು.

ಮೇಸ್ತ್ರಿ ನಿಂತಲ್ಲೇ ನಿಂತ. ಹದಿನಾರರ ತಿದಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ತಿಂಗಳುಗಟ್ಟಲೆ ಬಯ್ದದ್ದು ತಾನೇ. 'ಎದೆಗಲ್ಲ ಕಣೋ, ಹೊಟ್ಟೆಗೆ ತುಂಬು. ನನ್ನ ಕೈ ಎದ್ದೇಳಬೇಕು.' ಹಾಗೆ ತುಂಬಿದರೆ ಆ ಪರದೆ ಕೆಳಕ್ಕಿಳಿದು ಲಿವರನ್ನು ಒತ್ತದೆ ಇರುತ್ತದೆಯೇ?

"ಅಮ್ಮಾ, ನಿಮ್ಮ ಕಂಪ್ಯೂಟರು ಸಾವಿರಾರು ಜನರನ್ನ ನೋಡಿ ಕಲಿತಿದೆ ಅಂದ್ರು ಡಾಕ್ಟರು. ಅದರಲ್ಲಿ ಗಾಜು ಊದೋರು ಎಷ್ಟು ಜನ?"

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಡಾಕ್ಟರಿಗೆ ಫೋನು ಮಾಡಿದಳು.

ಎರಡು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಎಂದಾಯಿತು. ಅನುಮಾನ ಅಲ್ಲಿಗೆ ಇಳಿಯಬೇಕಿತ್ತು, ಮಗ್ಗುಲು ಬದಲಿಸಿತು ಅಷ್ಟೆ. ಉಸಿರಿನ ಮರ್ಮ ತಿದಿಗಿಂತ ಚೆನ್ನಾಗಿ ಬಲ್ಲವರು ಯಾರು? ಗೊತ್ತಿದ್ದೇ ಹಾಗೆ ತುಂಬಿಕೊಂಡಿದ್ದರೆ? ಸುದ್ದಿ ಹೇಳಿದಾಗ ಮೇಸ್ತ್ರಿ ಅವನ ಮುಖವನ್ನೇ ನೋಡಿದ. ಮುಖ ಬಿಳಿಚಿತು. 'ಸರಿ ಭಾವ, ಬರ್ತೀನಿ' ಎಂದ. ಬಂದ ಕೂಡ.

ಯಂತ್ರದ ಹಲಗೆಯ ಮೇಲೆ ಮಲಗಿ, ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯನ್ನು ಕೇಳಿದ: "ಎಷ್ಟು ಹಿಡೀಲಿ?"

"ಔಷಧಿ ಶೀಶೆ ಊದೋವಷ್ಟು. ಜಾಡಿ ಎಬ್ಬಿಸಬೇಡ."

ಮಧ್ಯಾಹ್ನ ಹೊಸ ಹಾಳೆ ಬಂತು. ಕೆಂಪು ಇರಲಿಲ್ಲ. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಇವರ ಕೆಲಸ ಏನು ಅಂತ ನಾನೇ ಕೇಳಬೇಕಿತ್ತು, ಕೇಳಲಿಲ್ಲ" ಎಂದರು. ಆಮೇಲೆ ಒಪ್ಪಿಗೆ ಪತ್ರ ಕೊಟ್ಟು, "ಮನಸ್ಸಿಲ್ಲದಿದ್ದರೆ ಬೇಡ ಅನ್ನಬಹುದು. ಯಾರಿಗೂ ಕಾರಣ ಹೇಳಬೇಕಾಗಿಲ್ಲ" ಎಂದು ತಿದಿಗೆ ಹೇಳಿ ಹೊರಗೆ ಕಳಿಸಿದರು.

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಪತ್ರ ತಿದಿಯ ತೊಡೆಯ ಮೇಲಿತ್ತು.

"ನಾನು ಬೇಕಂತಲೇ ಹಿಡಿದೆ ಅಂದ್ಕೊಂಡ್ರಿ ಅಲ್ವಾ ಭಾವ?"

ಮೇಸ್ತ್ರಿ ನೆಲ ನೋಡಿದ.

"ಜಾಡಿ ಹೂತಿಟ್ಟ ದಿನದಿಂದ ನೀವು ನನ್ನನ್ನ ಹೀಗೇ ನೋಡೋದು. ನನಗೇನು ಕಣ್ಣಿಲ್ವಾ?"

"ಆಗಲ್ಲ ಅಂದಾಗ ನಿನ್ನ ಹೆಗಲು ಇಳೀತು."

"ಇಳೀತು." ತಿದಿ ಸುಳ್ಳು ಹೇಳಲಿಲ್ಲ. "ಕೊಡ್ತೀನಿ ಅಂದಾಗಿಂದ ಊಟ ಸೇರ್ತಿಲ್ಲ ಭಾವ. ಆಗಲ್ಲ ಅಂದಾಗ ಒಂದು ಗಳಿಗೆ ಬದುಕಿದೆ ಅನ್ನಿಸ್ತು. ಆಮೇಲೆ ಅಕ್ಕನಿಗೆ ಮುಖ ತೋರಿಸೋಕಾಗಲಿಲ್ಲ, ಅದಕ್ಕೇ ಬರಲಿಲ್ಲ. ಉಸಿರಿನ ವಿಷಯ ಮಾತ್ರ ನನ್ನ ತಲೆಗೇ ಬಂದಿರಲಿಲ್ಲ. ತುಂಬ್ಕೊ ಅಂದ್ರೆ ನನಗೆ ಬರೋದು ಒಂದೇ ಥರ. ನೀವು ಕಲಿಸಿದ್ದು."

ಮೇಸ್ತ್ರಿಗೆ ಕಂಡದ್ದು ಸುಳ್ಳಾಗಿರಲಿಲ್ಲ, ಕಂಡದ್ದಕ್ಕೆ ತಾನು ಕಟ್ಟಿದ ಕತೆ ಸುಳ್ಳಾಗಿತ್ತು.

ತಿದಿ ಲೇಖನಿ ತೆಗೆದ. ಅವನ ಉಸಿರು ಎದೆಯ ಮೇಲೇ ಓಡಾಡುತ್ತಿತ್ತು, ಮೊದಲ ದಿನ ಕುಲುಮೆಯ ಮುಂದೆ ನಿಂತವನ ಹಾಗೆ ಗಿಡ್ಡಗೆ. ಪತ್ರದ ಕೊನೆಯ ಗೆರೆಯ ಮೇಲೆ ಕೈ ನಿಂತಿತು.

ಮೇಸ್ತ್ರಿ ಹತ್ತಿರ ಸರಿದು, ಅಂಗೈಯನ್ನು ಬಾಮೈದನ ಹೊಟ್ಟೆಯ ಮೇಲಿಟ್ಟ.

"ಇಲ್ಲಿಗೆ" ಎಂದ. "ನಿಧಾನಕ್ಕೆ. ಇವತ್ತೇ ಆಗಬೇಕು ಅಂತೇನಿಲ್ಲ."

ಮೇಸ್ತ್ರಿಯ ಕೈ ಮೆಲ್ಲಗೆ ಎದ್ದಿತು. ತಿದಿ ಸಹಿ ಹಾಕಿದ.