ರಂಗಿ ನಡೆಯುವ ಹಾಗೆ

ಬೀದಿಯಲ್ಲಿ ಚಪ್ಪಲಿ ಸದ್ದಾದರೆ ಸಾಕು, ರಂಗಲಕ್ಷ್ಮಿಯ ಕೈ ತೊಡೆಯ ಮೇಲಿಂದ ತಾನಾಗಿ ಇಳಿದುಬಿಡುತ್ತಿತ್ತು. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿದ ಮೇಲೆ ಅವಳು ನಡೆಯುತ್ತಿದ್ದುದೇ ಹಾಗೆ, ತೊಡೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು. ಆದರೆ ತಾಯಿ ಸಿದ್ದಲಕ್ಷ್ಮಮ್ಮ ಬಿಡಬೇಕಲ್ಲ.

"ಕೈ ತಗಿಯೇ ರಂಗಿ. ನೋಡ್ದೋರು ಏನಂದಾರು? ನಾಳೆ ಹೆಣ್ಣು ಕೇಳೋಕೆ ಬರೋರು ಬ್ಯಾಡ್ವಾ?"

ಪಾದ ಮುಚ್ಚಲಿ ಎಂದು ಮಗಳ ಲಂಗವನ್ನು ನಾಲ್ಕು ಬೆರಳು ಉದ್ದವೇ ಹೊಲಿಸುತ್ತಿದ್ದಳು.

೨೦೦೮ರ ಬೇಸಿಗೆಯಲ್ಲಿ ಒಂದು ದಿನ ತಾಯಿ ಮಗಳು ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದಾಗ ಗುಬ್ಬಿಯಿಂದ ಸೈಮಾ ಬಂದಳು. ಸೈಕಲ್ ಶಾಪಿನ ದಸ್ತಗೀರ್ ಸಾಬರ ಮಗಳು. ಅವಳ ಎರಡು ಕಾಲಿಗೂ ಬಲವಿಲ್ಲ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿ, ಅಂಗವಿಕಲರಿಗೆ ಅರ್ಜಿ ತುಂಬಿಕೊಡುವುದು ಅವಳ ಕೆಲಸ.

"ಸಿದ್ದಕ್ಕ, ಬರೋ ಗುರುವಾರ ಡಾಕ್ಟ್ರುಗಳು ಗುಬ್ಬಿ ಆಸ್ಪತ್ರೆಗೇ ಬರ್ತಾರೆ. ರಂಗಿಗೆ ಅಂಗವಿಕಲರ ಸರ್ಟಿಫಿಕೇಟ್ ಮಾಡಿಸ್ಬಿಡಣ. ಅದಿದ್ರೆ ಮಾಸಾಶನಕ್ಕೂ ಅರ್ಜಿ ಹಾಕ್ಬೋದು, ಬಸ್ ಪಾಸಿಗೂ ಹಾಕ್ಬೋದು."

ಪಾಸು ಎಂದೊಡನೆ ರಂಗಿಯ ಕೈಯಲ್ಲಿ ಗರಿ ನಿಂತಿತು. ಎಸ್ಸೆಸ್ಸೆಲ್ಸಿ ಮುಗಿದು ಮೂರು ವರ್ಷ. ಗುಬ್ಬಿಗೆ ಹೋಗಿ ಟೈಪಿಂಗ್ ಕಲಿಯುವ ಆಸೆ ಪ್ರತಿ ಸಲವೂ ಬಸ್ ಚಾರ್ಜಿನ ಹತ್ತಿರ ಬಂದು ನಿಲ್ಲುತ್ತಿತ್ತು.

"ಬ್ಯಾಡ ಬುಡು ತಾಯಿ," ಎಂದಳು ಸಿದ್ದಲಕ್ಷ್ಮಮ್ಮ. "ಸರ್ಕಾರದ ಕಾಗದ್ದಾಗೆ ಒಂದ್ಸಲ ಕುಂಟಿ ಅಂತ ಬರೆದ್ರೆ ಅಳಿಸೋಕಾಯ್ತದಾ?"

"ಹಂಗಂತ ಯಾರೂ ಬರೆಯಲ್ಲ ಕಣಕ್ಕ. ನನ್ ಕಾಗದ ಆಗಿ ಹತ್ತು ವರ್ಷ ಆಯ್ತು. ಅದ್ರಿಂದ ನನ್ ಕಾಲೇನು ಇನ್ನಷ್ಟು ಸಣ್ಣ ಆಗಿಲ್ಲ."

ರಂಗಿ ಬಾಯಿಗೆ ದಾವಣಿಯ ಸೆರಗು ಒತ್ತಿಕೊಂಡು ನಕ್ಕಳು. ಆ ನಗು ಕೇಳಿ ತಾಯಿ ಸ್ವಲ್ಪ ಸಡಿಲಾದಳು. "ಅದೇನ್ ಕೇಳ್ತೀಯೋ ಕೇಳು."

ಸೈಮಾ ಪೆನ್ನು ತೆಗೆದಳು. "ರಂಗಿಗೆ ಯಾವ್ಯಾವ ಕೆಲ್ಸಕ್ಕೆ ಸಹಾಯ ಬೇಕು?"

"ಯಾವ್ದಕ್ಕೂ ಬ್ಯಾಡ. ಎಲ್ಲಾ ಮಾಡ್ತಾಳೆ. ಅವಳಂಗೆ ಗರಿ ಹೆಣೆಯೋರು ಈ ಊರಾಗೆ ಯಾರವ್ರೆ ಹೇಳು?"

"ಯಾರೂ ಇಲ್ಲ. ನೀರು ಯಾರು ತರೋದು?"

"ನಾನೇ. ಕೊಡ ಹೊತ್ರೆ ತೊಡೆ ಮ್ಯಾಲೆ ಕೈ ಇಕ್ಕೋಕಾಗಲ್ವಲ್ಲ."

"ಬಸ್ ಹತ್ತೋದು?"

"ಹಿಂದ್ಲಿಂದ ನಾನು ಎತ್ತಿಕೊಡ್ತೀನಿ."

"ಮಳೆ ಬಂದು ಕೆಸರಾದಾಗ ತೋಟದ ಕಡೆಗೆ?"

"ನಾನೇ ಕೈ ಹಿಡ್ಕೊಂಡೋಗ್ತೀನಿ."

"ನೀನು ತವರಿಗೆ ಹೋದಾಗ?"

ಸಿದ್ದಲಕ್ಷ್ಮಮ್ಮ ಮತ್ತೆ ಗರಿ ಕೈಗೆತ್ತಿಕೊಂಡಳು. ಕುಣಿಗಲ್ಲಿನ ತವರಿನಲ್ಲಿ ಅವಳು ಒಂದು ರಾತ್ರಿ ಉಳಿದು ಹದಿನೇಳು ವರ್ಷವಾಗಿತ್ತು. ತಮ್ಮನ ಮದುವೆಗೆ ಹೋದವಳು ಧಾರೆಯಾದ ಕೂಡಲೇ ಬಸ್ ಹತ್ತಿದ್ದಳು. ತನಗೆ ಅಲ್ಲಿ ಸರಿಬರುವುದಿಲ್ಲ ಎಂದು ಎಲ್ಲರಿಗೂ ಹೇಳಿ ಹೇಳಿ, ತಾನೂ ಹಾಗೇ ನಂಬಿದ್ದಳು.

"ಅವ್ವ," ಎಂದಳು ರಂಗಿ ಮೆಲ್ಲಗೆ, "ನನಗೆ ಎಲ್ಲಾ ಆಯ್ತದೆ ಅಂತ ಊರಿಗೆಲ್ಲ ಹೇಳ್ಕೊಂಡು, ಆಗದ್ದನ್ನೆಲ್ಲ ನೀನೇ ಮಾಡ್ದೆ."

ಸೈಮಾ ಅರ್ಜಿಯ ಮೇಲೆ ಪೆನ್ನಿಟ್ಟು ಹೇಳಿದಳು, "ನೀನೀಗ ಹೇಳಿದ್ದೇ ಬರೀಬೇಕಾದ್ದು ಸಿದ್ದಕ್ಕ. ಸುಳ್ಳು ಬೇಡ, ಹೆಚ್ಚು ಮಾಡೋದೂ ಬೇಡ. ಮುಚ್ಚಿಡೋದಂತೂ ಬೇಡವೇ ಬೇಡ. ರಂಗಿಗೆ ಏನು ಕಷ್ಟ ಅಂತ ಗೊತ್ತಾಗ್ದೆ ಡಾಕ್ಟ್ರಾದ್ರೂ ಏನ್ ಬರೀತಾರೆ?"

ಅವಳು ಒಂದೊಂದು ಸಾಲು ಬರೆದು ಗಟ್ಟಿಯಾಗಿ ಓದಿದಳು. ಒಪ್ಪಿಗೆಯಾದ ಮೇಲೇ ರಂಗಿಯ ಸಹಿ ಹಾಕಿಸಿದಳು. ರೇಷನ್ ಕಾರ್ಡು, ಶಾಲೆಯ ಟೀಸಿ, ಫೋಟೊ, ಎಲ್ಲದರ ಜೆರಾಕ್ಸ್ ಜೋಡಿಸಿ ಪಿನ್ನು ಹಾಕಿದಳು. ಮಾಸಾಶನಕ್ಕೆ ಆದಾಯ ಪತ್ರವೂ ಬೇಕೆಂದು ನೆನಪಿಸಿದಳು. "ಅರ್ಜಿ ಕೊಟ್ಟಾಗ ರಶೀದಿ ಇಸ್ಕೊಳ್ದೆ ಮಾತ್ರ ಬರಬೇಡಿ" ಎಂದು ಗಾಡಿ ತಿರುಗಿಸಿದಳು. ತನ್ನ ಗಾಡಿಯ ಗಾಲಿಯಷ್ಟೇ ದುಂಡಗಿದ್ದ ಅವಳ ಅಕ್ಷರವನ್ನು ಸಿದ್ದಲಕ್ಷ್ಮಮ್ಮ ಬಹಳ ಹೊತ್ತು ನೋಡಿದಳು. ಓದಲು ಬರದಿದ್ದರೂ ನೋಡಿದಳು.

ಗುರುವಾರ ಆಸ್ಪತ್ರೆಯ ಮುಂದೆ ಉದ್ದದ ಸಾಲು. ಬಾಗಿಲ ಒಳಗಿಂದ ರಂಗಲಕ್ಷ್ಮಿಯ ಹೆಸರು ಕೂಗಿದರು. ಇಡೀ ಸಾಲು ತಿರುಗಿ ನೋಡಿತು. ಅಭ್ಯಾಸಬಲದಿಂದ ರಂಗಿಯ ಕೈ ತೊಡೆಯಿಂದ ಇಳಿಯಿತು. ತುಟಿ ಕಚ್ಚಿ, ಮೈ ನೆಟ್ಟಗೆ ಮಾಡಿ, ಬೀಳುವವಳಂತೆ ಒಂದು ಹೆಜ್ಜೆ ಇಟ್ಟಳು.

ಆ ಹೆಜ್ಜೆಯನ್ನು ಕಲಿಸಿದವಳು ತಾನೇ ಎಂದು ಸಿದ್ದಲಕ್ಷ್ಮಮ್ಮನಿಗೆ ಹೊಳೆಯಿತು. ಎದ್ದು ಹೋಗಿ, ಎಲ್ಲರೆದುರು ಬಗ್ಗಿ, ಮಗಳ ಲಂಗವನ್ನು ನಾಲ್ಕು ಬೆರಳು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಕೈ ಇಕ್ಕೋ ಮಗ. ಮನೇಲಿ ಹೆಂಗ್ ನಡೀತೀಯೋ ಹಂಗೇ ನಡಿ."

ರಂಗಿ ತೊಡೆಯ ಮೇಲೆ ಕೈಯಿಟ್ಟು ತಲೆ ಎತ್ತಿ ಒಳಗೆ ಹೋದಳು.

ಕೆಲವು ತಿಂಗಳಲ್ಲಿ ಪಾಸು ಬಂತು, ಮಾಸಾಶನವೂ ಮಂಜೂರಾಯಿತು. ರಂಗಿ ಈಗ ಬೆಳಗಿನ ಬಸ್ಸಿನಲ್ಲಿ ಟೈಪಿಂಗ್‌ಗೆ ಹೋಗುತ್ತಾಳೆ. ಹತ್ತುವಾಗ ಕೈ ಕೊಡಿ ಎಂದು ಕಂಡಕ್ಟರನ್ನು ಕೇಳಲು ಅವಳಿಗೆ ನಾಚಿಕೆಯಿಲ್ಲ. ಪಕ್ಕದ ಮನೆಯ ಚಿಕ್ಕಮಾರಮ್ಮ ಎರಡು ಕೊಡ ನೀರು ತಂದಿಡಲು ಒಪ್ಪಿದ ವಾರ, ಸಿದ್ದಲಕ್ಷ್ಮಮ್ಮ ಕುಣಿಗಲ್ಲಿಗೆ ಹೋಗಿ ಎರಡು ರಾತ್ರಿ ತಮ್ಮನ ಮನೆಯಲ್ಲಿ ಉಳಿದು ಬಂದಳು.

ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹೀಗೊಂದು ಉದ್ದ ಲಂಗ ಇದೆಯೇ? ಅರ್ಜಿ ತುಂಬಲು ಬಾರದಿದ್ದರೆ ನಿಮ್ಮ ಊರಿನ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ. ಇರುವುದನ್ನು ಇದ್ದ ಹಾಗೆ ಹೇಳಿ, ಬರೆದದ್ದನ್ನು ಓದಿಸಿ ಕೇಳಿ, ರಶೀದಿ ಜೋಪಾನ ಮಾಡಿ. ಕೇಳುವುದು ಭಿಕ್ಷೆಯಲ್ಲ, ನಿಮ್ಮ ಮಗುವಿನ ಹಕ್ಕು. ಮಗು ತನ್ನ ನಡಿಗೆಯಲ್ಲೇ ನಡೆಯಲಿ, ನೀವು ಜೊತೆಗೆ ನಡೆಯಿರಿ.