ಸಾಲಿ ಸಾಗಿಸುವ ಸುದ್ದಿ

ಮಾಣಿಕಪ್ಪ ಮಾಸ್ತರರು ಐದನೇ ಜಮಾತಿಗೆ ಲೆಕ್ಕ ಹೇಳಿಕೊಡುವುದನ್ನು ನೀವು ನೋಡಬೇಕಿತ್ತು. ಬಾಯಲ್ಲಿ ಕನ್ನಡ, ಕಣ್ಣು ಬಾಗಿಲ ಮೇಲೆ. ಪಾಠವೆಲ್ಲ ಉರ್ದುವಿನಲ್ಲೇ ಆಗಬೇಕೆಂದು ನಿಜಾಮರ ಸರ್ಕಾರದ ಹುಕುಂ ಇತ್ತು. ಆದರೆ ರೊಟ್ಟಿ ಮುರಿದು ಅರ್ಧ, ಕಾಲು, ಮುಕ್ಕಾಲು ಎಂದು ಕನ್ನಡದಲ್ಲಿ ತೋರಿಸದಿದ್ದರೆ ಕಮಲಾಪುರದ ಮಕ್ಕಳಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಹೊರಗೆ ಸಪ್ಪಳವಾದರೆ ಮಾಸ್ತರರು ರುಮಾಲು ಸರಿಮಾಡಿಕೊಳ್ಳುವರು. ಅಷ್ಟು ಸಾಕು, ಇಡೀ ಜಮಾತು ಒಂದೇ ಉಸಿರಿಗೆ ಉರ್ದು ಪಾಠ ಒದರತೊಡಗುತ್ತಿತ್ತು. ಎಷ್ಟೋ ಸಲ ಹೊರಗಿದ್ದದ್ದು ಬರೇ ಒಂದು ಆಡು.

ಹೀಗೆ ದಿನ ತಳ್ಳುವವನಿಗೆ ಆಡಿನ ಮೇಲೂ ಸಂಶಯ ಬರುತ್ತದೆ, ಮನುಷ್ಯರ ಮಾತೇನು! ನಾಲ್ಕನೇ ಜಮಾತಿಗೆ ಹೊಸದಾಗಿ ಬಂದಿದ್ದ ಅಲ್ಲಾವುದ್ದೀನ್ ಮಾಸ್ತರ ಇದೇ ಊರಿನ ಅಳಿಯ. ಬಳೆ ವ್ಯಾಪಾರಿ ಹುಸೇನಸಾಬರ ಹಿರಿಮಗಳ ಗಂಡ. ಪಾಪ, ಮೆತ್ತಗಿನ ಮನುಷ್ಯ. ಅವರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ಮಾಣಿಕಪ್ಪನವರು ಲೆಕ್ಕ ಹಾಕುತ್ತಿದ್ದರು. ತಮ್ಮ ಕನ್ನಡದ ಚಾಡಿ ಮೇಲಿನವರಿಗೆ ಹೋದರೆ ಐದನೇ ಜಮಾತೇ ಮುಚ್ಚಿಹೋಗುತ್ತದೆ. ಹುಡುಗರು ಹೊಲಕ್ಕೆ, ತಾವು ಮನೆಗೆ. ಇದೇ ಅವರ ಹಗಲಿರುಳಿನ ಭಯ.

ಅದಕ್ಕೆ ತುಪ್ಪ ಸುರಿದವನು ಜವಾನ ಮಾಪಣ್ಣ. ಒಂದು ದಿನ ಏದುಸಿರು ಬಿಡುತ್ತ ಬಂದ.

"ಮಾಸ್ತರ್ರೀ, ಘಾತ ಆಯ್ತು! ಅಲ್ಲಾವುದ್ದೀನ್ ಮಾಸ್ತರ್ರು ಟಾಂಗಾದ ಶಫಿಗಿ ಉರ್ದುದಾಗ ಹೇಳ್ಲಾಕತ್ತಿದ್ರು. ಸಾಲಿ ಗುಪ್‌ಚುಪ್ ಕಲಬುರ್ಗಿಗಿ ಒಯ್ಯೋದದ, ಯಾರಿಗೂ ಖಬರ್ ಆಗಬಾರ್ದಂತ. ನನ್ನ ಕಿವೀಲಿಂದ ಕೇಳೀನ್ರಿ."

ಈ ಸೀಮೆಯಲ್ಲಿ ಶಾಲೆಗೆ ಸಾಲಿ ಎನ್ನುತ್ತಾರೆ. ಇಡೀ ಸಾಲಿ ಟಾಂಗಾದಲ್ಲಿ ಹೇಗೆ ಹೋದೀತು ಎಂದು ಇಬ್ಬರೂ ಯೋಚಿಸಲಿಲ್ಲ. ಒಂದು ಖುರ್ಚಿ, ಒಂದು ಗಂಟೆ, ಒಂದು ಹರಕು ನಕಾಶೆ; ಟಾಂಗಾದಲ್ಲಿ ಹಿಡಿಸುವಷ್ಟೇ ಸಾಲಿ ಅದು, ನಿಜ ಹೇಳಬೇಕೆಂದರೆ.

ಶುಕ್ರವಾರದ ರಜೆಗೆ ಮಾಣಿಕಪ್ಪನವರು ಬಂಡಿ ಹತ್ತಿ ಕಲಬುರಗಿಗೆ ಹೋಗಿ, ವಿದ್ಯಾ ಇಲಾಖೆಯ ತಾಲೀಮು ಕಚೇರಿಯ ಗುಮಾಸ್ತನೊಬ್ಬನ ಮನೆಯ ಕದ ತಟ್ಟಿದರು. "ಅಂಥಾದ್ದೇನೂ ಇಲ್ರಿ ಮಾಸ್ತರ, ಬರ್ರಿ, ಊಟ ಮಾಡ್ರಿ" ಎಂದ ಅವನು. ಎಂದೂ ನೀರು ಸಹ ಕೊಡದವನು ಊಟಕ್ಕೆ ಕರೆಯುತ್ತಾನೆಂದರೆ? ಅಲ್ಲಿಗೆ ಮಾಸ್ತರರ ಸಂಶಯ ಗಟ್ಟಿಯಾಯಿತು. ಉಣ್ಣದೆ ತಿರುಗಿ ಬಂದರು.

ಮರುದಿನ ಮಕ್ಕಳ ಅಪ್ಪಂದಿರನ್ನೆಲ್ಲ ಸಾಲಿಯ ಅಂಗಳಕ್ಕೆ ಕರೆಸಿದರು. ಕಿರಿಮಗ ಐದನೇ ಜಮಾತಿನಲ್ಲಿದ್ದ ಕಾರಣ ಹುಸೇನಸಾಬರೂ ಬಂದು ಮುಂದೆಯೇ ಕೂತಿದ್ದರು. ಮಾಣಿಕಪ್ಪನವರು ಅಲ್ಲಾವುದ್ದೀನ್ ಕಡೆ ಕೈ ತೋರಿಸಿ ಕೂಗಿದರು.

"ಎಲ್ಲಾರ ಎದುರೇ ಹೇಳ್ರಿ. ಸಾಲಿ ಕದ್ದು ಕಲಬುರ್ಗಿಗಿ ಒಯ್ಯವರಿದ್ರಿ ಹೌದೋ ಅಲ್ಲೋ? ಶಫಿಗಿ ಟಾಂಗಾ ಹೇಳೀರಿ ಹೌದೋ ಅಲ್ಲೋ?"

ಅಲ್ಲಾವುದ್ದೀನ್ ಮುಖದ ರಕ್ತವೇ ಇಳಿದುಹೋಯಿತು. "ನಿಮಗ ಯಾರು ಹೇಳಿದ್ರು?" ಎಂದರು.

"ಒಪ್ಪಿಕೊಂಡ್ರು ನೋಡ್ರಿ!" ಎಂದು ಮಾಣಿಕಪ್ಪನವರು ಎದೆ ಉಬ್ಬಿಸಿದರು.

ಅಲ್ಲಾವುದ್ದೀನ್ ಮಾತ್ರ ಮಾವನ ಕಾಲ ಬಳಿ ಕುಸಿದರು. "ಅಬ್ಬಾ, ಮಾಫ್ ಮಾಡ್ರಿ. ಶಾಹಜಾದಿನೇ ಅತ್ತು ಕೇಳಿದ್ಳು. ನೀವು ಗೊತ್ತು ಮಾಡಿದ ಆ ಮುದುಕನ ಸಂಗಟ ನಿಕಾಹ್ ಬ್ಯಾಡ, ಓದ್ತೀನಿ ಅಂದ್ಳು. ಕಲಬುರ್ಗಿಯಾಗ ನಮ್ಮ ಸೋದರತ್ತಿ ಮನ್ಯಾಗ ಇಟ್ಟು ಓದಿಸಬೇಕಂತ ಮಾಡಿದ್ದೆ."

ಉರ್ದುವಿನಲ್ಲಿ ಸಾಲಿ ಎಂದರೆ ಹೆಂಡತಿಯ ತಂಗಿ, ಇಲ್ಲಿ ಹುಸೇನಸಾಬರ ಕಿರಿಮಗಳು ಶಾಹಜಾದಿ. ಐದನೇ ಜಮಾತಿಗೆ ಅದೇ ಉರ್ದು ಕಲಿಸುವ ಮಾಣಿಕಪ್ಪನವರಿಗೆ ಅದು ಆಗ ಹೊಳೆಯಿತು. ಹುಸೇನಸಾಬರು ಎದ್ದು ಮನೆಯ ಕಡೆ ನಡೆದರು. ಅವರೊಬ್ಬರನ್ನೇ ಬೈದು ಫಲವಿಲ್ಲ, ಮಾಣಿಕಪ್ಪನವರ ಓಣಿಯಲ್ಲೂ ಓದುವ ಹೆಣ್ಣುಮಗಳೊಬ್ಬಳು ಇರಲಿಲ್ಲ. ಆ ವಾರವೇ ನಿಕಾಹ್ ಮುಗಿಯಿತು. ಶಫಿಯ ಟಾಂಗಾ ಶಾಹಜಾದಿಯನ್ನು ಮಹಾಗಾಂವಕ್ಕೆ, ಆ ಮುದುಕನ ಮನೆಗೆ ಬಿಟ್ಟು ಬಂತು.

ಐದನೇ ಜಮಾತಿಗೆ ಏನೂ ಆಗಲಿಲ್ಲ. ಅದನ್ನು ಮುಚ್ಚುವ ವಿಚಾರ ಯಾರ ತಲೆಯಲ್ಲೂ ಇರಲಿಲ್ಲ. ಅಲ್ಲಾವುದ್ದೀನ್ ಮತ್ತೆ ಪಾಠಕ್ಕೆ ಬಂದ ದಿನ ಮಾಣಿಕಪ್ಪನವರು ನಾಚಿಕೆಯಿಂದ ಹಿಡಿಯಾಗಿ ಅವರ ಮುಂದೆ ನಿಂತರು.

"ತಪ್ಪಾಯ್ತರಿ. ನಾ ನಮ್ಮ ಈ ಸಾಲಿ ಅಂತ ತಿಳ್ದಿದ್ದೆ."

ಅಲ್ಲಾವುದ್ದೀನ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆಕಿನೂ ಸಾಲಿಗೇ ಹೊಂಟಿದ್ಳರಿ, ಮಾಸ್ತರ" ಎಂದರು.